ಕುಳಿತಲ್ಲಿಂದಲೇ ಜೋಗವನ್ನು ಕಾಣುವ ಬಗೆ

ಊರ ಜಾತ್ರೆಯಲ್ಲಿ ಬಯಸ್ಕೋಪು ಪೆಟ್ಟಿಗೆಯೊಳಗೆ ಇಣುಕಿ ನೋಡಿದವರು ನಮ್ಮಲ್ಲಿ ಇನ್ನೂ ಕೆಲವರಾದರೂ ಇದ್ದಾರೆ. ಕಣ್ಣಿಗೊಂದು ಗಾಜಿನ ಕಿಂಡಿ, ಒಳಗೊಂದು ಬಣ್ಣದ ಚಿತ್ರ. ಪೆಟ್ಟಿಗೆಯವನು ಹಿಡಿಕೆಯನ್ನು ತಿರುವಿದಂತೆಲ್ಲ ದಿಲ್ಲಿಯ ಕೋಟೆ, ಕಾಶಿಯ ಘಟ್ಟ, ಬೊಂಬಾಯಿಯ ಕಡಲತೀರ ಒಂದರ ಬೆನ್ನಿಗೆ ಒಂದು ಸರಿದು ಹೋಗುತ್ತಿದ್ದವು. ಹಿಡಿಕೆಯಿದ್ದುದು ಅವನ ಕೈಯಲ್ಲಿ. ಅವನು ತೋರಿಸಿದಷ್ಟೇ ನಮ್ಮ ಪಾಲಿನ ಕಾಶಿ. ಕೊಟ್ಟ ಕಾಸಿನ ಚಿತ್ರ ಮುಗಿದೊಡನೆ ಕಿಂಡಿಯಿಂದ ಕಣ್ಣು ತೆಗೆದು ಹಿಂದೆ ನಿಂತವನಿಗೆ ಎಡೆಮಾಡಿಕೊಡಬೇಕಾಗುತ್ತಿತ್ತು.

ಆ ಹಿಡಿಕೆ ಈಗ ನೋಡುವವನ ಕೈಗೆ ಬಂದಿದೆ. ಕಂಪ್ಯೂಟರಿನ ತೆರೆಯ ಮೇಲೆ, ಇಲ್ಲವೆ ಅಂಗಿಯ ಜೇಬಿನಲ್ಲಿರುವ ಮೊಬೈಲಿನಲ್ಲಿ, ಒಂದು ರಮ್ಯಸ್ಥಳದ ಚಿತ್ರವನ್ನು ತೆರೆದು ಬೆರಳಿನಿಂದ ಎಡಕ್ಕೆ ಎಳೆದರೆ ನೋಟವು ಬಲಕ್ಕೆ ತಿರುಗುತ್ತದೆ. ಕೆಳಕ್ಕೆ ಎಳೆದರೆ ಆಕಾಶ ಕಾಣುತ್ತದೆ. ಮೇಲಕ್ಕೆ ತಳ್ಳಿದರೆ ಕಾಲ ಬುಡದ ಕಲ್ಲುಚಪ್ಪಡಿ. ತಿರುಗಿಸುತ್ತ ತಿರುಗಿಸುತ್ತ ಹೊರಟಲ್ಲಿಗೇ ಬಂದು ಸೇರಬಹುದು. ಇಂಗ್ಲಿಷಿನವರು ಇದನ್ನು ಪನೋರಮಾ ಎನ್ನುವರು. ನಾವು ಇಲ್ಲಿ ಸುತ್ತುನೋಟವೆಂದು ಕರೆಯೋಣ.

ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಅತ್ತ ವಾಶಿಯಿಂದ ಪನ್ವೇಲಿನವರೆಗೆ ಹರಡಿಕೊಂಡಿರುವ ನಮ್ಮ ಜನರಿಗೆ ಈ ವಿಷಯವೇಕೆ ಎಂದು ಕೇಳುವವರಿರಬಹುದು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಗಲ್ಲೆಯ ತನಕ ಏರಿದ ಹಿರಿಯರಲ್ಲಿ ಎಷ್ಟು ಮಂದಿ ಹಂಪೆಯನ್ನು ಕಂಡಿದ್ದಾರೆ? ಊರಿಗೆ ಹೋದರೆ ಮದುವೆ, ನಾಗನ ಪೂಜೆ, ಭೂತದ ಕೋಲ, ಜಾಗದ ತಕರಾರು. ರಜೆಯ ಹದಿನೈದು ದಿನಗಳು ಅದಕ್ಕೇ ಸಲ್ಲುತ್ತವೆ. ಗುಮಾಸ್ತರಾಗಿರುವವರಿಗೆ ಮಕ್ಕಳ ಶಾಲೆಯ ರಜೆ ಬರುವುದು ಮೇ ತಿಂಗಳಲ್ಲಿ. ಜೋಗ ತುಂಬಿ ಧುಮುಕುವುದು ಆಷಾಢ ಶ್ರಾವಣಗಳಲ್ಲಿ. ಕೊಂಕಣ ರೈಲು ಬಂದು 1998ರಿಂದ ಮತ್ಸ್ಯಗಂಧಾ ಗಾಡಿಯು ಠಾಣೆ, ಪನ್ವೇಲುಗಳನ್ನು ಮುಟ್ಟಿಕೊಂಡು ಕರಾವಳಿಗೆ ಓಡತೊಡಗಿದ ಮೇಲೆ ದಾರಿಯೇನೋ ಹತ್ತಿರವಾಯಿತು, ಬಿಡುವು ಹತ್ತಿರವಾಗಲಿಲ್ಲ. ನವೆಂಬರ್ ತಿಂಗಳಲ್ಲಿ ವೇದಿಕೆಯೇರಿ ಕನ್ನಡನಾಡಿನ ಸಿರಿಯನ್ನು ಹೊಗಳುವ ನಾವು ಆ ನಾಡಿನ ಮುಕ್ಕಾಲು ಪಾಲನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೇ ಕಂಡಿದ್ದೇವೆ ಎಂಬುದು ನನ್ನ ಗುಮಾನಿ. ಕ್ಯಾಲೆಂಡರಿಗಿಂತ ಮೇಲಾದ ನೋಟವೊಂದು ಕೈಗೆ ಸಿಕ್ಕಿರುವಾಗ ಅದರ ಗುಣವನ್ನೂ ಮಿತಿಯನ್ನೂ ತಿಳಿದು ನೋಡುವುದು ಲೇಸು.

ಲಂಡನ್ನಿನಲ್ಲಿ ಶ್ರೀರಂಗಪಟ್ಟಣ

ಸುತ್ತುನೋಟದ ಹುಟ್ಟು ಕಂಪ್ಯೂಟರಿಗಿಂತ ಬಹಳ ಹಳೆಯದು. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು 1787ರಲ್ಲಿಯೇ ಈ ಬಗೆಯ ಚಿತ್ರಕ್ಕೆ ಹಕ್ಕುಪತ್ರ ಪಡೆದಿದ್ದನು. 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಇದಕ್ಕೆಂದೇ ಒಂದು ದುಂಡನೆಯ ಕಟ್ಟಡವನ್ನು ಕಟ್ಟಿಸಿದನು. ಕಾಸು ಕೊಟ್ಟವರು ಕತ್ತಲೆಯ ಓಣಿಯಲ್ಲಿ ನಡೆದು, ಮೆಟ್ಟಿಲೇರಿ, ನಡುವಿನ ಅಟ್ಟಣೆಯ ಮೇಲೆ ಬಂದು ನಿಲ್ಲಬೇಕು; ಸುತ್ತಲೂ ಗೋಡೆಯುದ್ದಕ್ಕೆ ಒಂದೇ ಚಿತ್ರ, ಅದಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಕತ್ತಲೆಯ ಓಣಿ ಸುಮ್ಮನೆ ಇರಿಸಿದುದಲ್ಲ. ಹೊರಗಿನ ಬೀದಿಯನ್ನು ಕಣ್ಣು ಮರೆತರೆ ತಾನೆ ಒಳಗಿನ ಬೀದಿ ನಿಜವೆಂದು ತೋರುವುದು!

ಅದಾದ ಏಳು ವರ್ಷಕ್ಕೆ, 1800ರಲ್ಲಿ, ಅದೇ ಲಂಡನ್ನಿನ ಲೈಸಿಯಂ ಎಂಬಲ್ಲಿ ಜನರು ಮುಗಿಬಿದ್ದು ನೋಡಿದ ದೊಡ್ಡ ಚಿತ್ರ ಯಾವುದೆಂದು ಬಲ್ಲಿರಾ? ನಮ್ಮ ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿದ್ದು ಟೀಪು ಸುಲ್ತಾನನು ಮಡಿದನಷ್ಟೆ; ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತೆರಡು ಇಪ್ಪತ್ತಮೂರರ ತರುಣನು ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು, ನೋಡುವವರನ್ನು ಬಳಸಿ ನಿಲ್ಲುವಂತೆ ಬಾಗಿಸಿ ಕಟ್ಟಿದನು. ಅಷ್ಟು ದೊಡ್ಡ ಚಿತ್ರಕ್ಕೆ ಅವನು ತೆಗೆದುಕೊಂಡ ಕಾಲ ಆರು ವಾರವೆಂದು ಹೇಳುತ್ತಾರೆ. ಕಾವೇರಿಯನ್ನಾಗಲಿ ಶ್ರೀರಂಗಪಟ್ಟಣವನ್ನಾಗಲಿ ಅವನು ಕಣ್ಣಾರೆ ಕಂಡವನಲ್ಲ. ಚಿತ್ರದಲ್ಲಿ ಏರಿ ಬರುವವರು ಇಂಗ್ಲಿಷಿನ ಸಿಪಾಯಿಗಳು. ನೋಡುವವನು ನಿಂತಿರುವುದೂ ಅವರ ಪಕ್ಷದಲ್ಲಿಯೇ. ಕೋಟೆಯೊಳಗಿನ ಮನೆಯ ಕಿಟಕಿಯಿಂದ ಆ ದಿನ ಹೇಗೆ ಕಂಡಿತೆಂಬುದನ್ನು ಬರೆಯಲು ಯಾರೂ ಕಾಸು ಕೊಡಲಿಲ್ಲ.

ಈ ಹಳೆಯ ಸಂಗತಿಯನ್ನು ಹೇಳಿದುದಕ್ಕೆ ಕಾರಣವುಂಟು. ಸುತ್ತುನೋಟವು ನಮಗೆ ಎಲ್ಲ ದಿಕ್ಕುಗಳನ್ನೂ ಕೊಡುತ್ತದೆ. ಆದರೆ ನಿಲ್ಲುವ ಜಾಗವನ್ನೂ ನೋಡುವ ಹೊತ್ತನ್ನೂ ನಮಗಿಂತ ಮೊದಲು ಇನ್ನೊಬ್ಬನು ಆರಿಸಿ ಇಟ್ಟಿರುತ್ತಾನೆ. 1800ರ ಬಟ್ಟೆಯ ಚಿತ್ರಕ್ಕೆ ಹೇಗೋ ಇಂದಿನ ಕಂಪ್ಯೂಟರಿನ ಚಿತ್ರಕ್ಕೂ ಹಾಗೆಯೇ.

ಎರಡು ಕಡಾಯಿಗಳ ಒಳಗೆ

ಕಂಪ್ಯೂಟರಿನಲ್ಲಿ ಸುತ್ತುನೋಟವನ್ನು ಸಾಮಾನ್ಯರ ಕೈಗೆ ತಂದುದರಲ್ಲಿ ಮೊದಲಿಗರು ಆಪಲ್ ಕಂಪೆನಿಯವರು. ಅವರ ಕ್ವಿಕ್‌ಟೈಮ್ ವಿ.ಆರ್. ಎಂಬ ಏರ್ಪಾಡು ಹೊರಬಂದುದು 1995ರಲ್ಲಿ. ಅದೇ ವರ್ಷದ ಆಗಸ್ಟ್ 15ರಂದು ನಮ್ಮಲ್ಲಿ ವಿದೇಶ್ ಸಂಚಾರ್ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ಟನ್ನು ತೆರೆದಿತು. ಗಂಟೆಗೆ ಇಷ್ಟೆಂದು ತೆತ್ತು ಸೈಬರ್ ಕೆಫೆಯಲ್ಲಿ ಕುಳಿತಿದ್ದವರಿಗೆ ನೆನಪಿರಬಹುದು, ಅಂದು ಒಂದು ಚಿತ್ರ ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿದು ಬರುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಸಬಹುದಾಗಿತ್ತು.

ಇದರ ತಂತ್ರ ಕೇಳಲು ಕಠಿಣ, ತಿಳಿದರೆ ಸುಲಭ. ಕ್ಯಾಮೆರಾವನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಸುತ್ತಲೂ ಮೇಲೆಯೂ ಕೆಳಗೂ ತಿರುಗಿಸುತ್ತ ಹತ್ತಾರು ಚಿತ್ರಗಳನ್ನು ತೆಗೆಯುತ್ತಾರೆ. ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಹಾಯ್ದಿರಬೇಕು. ಎರಡರಲ್ಲಿಯೂ ಕಾಣುವ ಅದೇ ಕಂಬ, ಅದೇ ಕೊಂಬೆ, ಅದೇ ಬಂಡೆಯ ಬಿರುಕನ್ನು ಗುರುತು ಹಿಡಿದು ಯಂತ್ರವು ಅಂಚಿಗೆ ಅಂಚು ಕೂಡಿಸುತ್ತದೆ. ಹೀಗೆ ಹೊಲಿದ ಚಿತ್ರವನ್ನು ಚಪ್ಪಟೆಯಾಗಿ ಹಾಸಿದರೆ ಅದರ ಅಗಲ ಎತ್ತರದ ಎರಡರಷ್ಟು ಇರುತ್ತದೆ; ಶಾಲೆಯ ಗೋಡೆಯ ಭೂಪಟದಲ್ಲಿ ಧ್ರುವದ ಬಳಿಯ ನಾಡುಗಳು ಹಿಗ್ಗಿ ಕಾಣುವಂತೆ ಇದರಲ್ಲಿಯೂ ಆಕಾಶ ಮತ್ತು ನೆಲ ಹಿಗ್ಗಿರುತ್ತವೆ. ಅದನ್ನು ಸರಿಪಡಿಸುವ ಬಗೆಯನ್ನು ಅಡಿಗೆಮನೆಯ ಮಾತಿನಲ್ಲಿಯೇ ಹೇಳಬಹುದು. ಗುಂಡುತಳದ ಎರಡು ದೊಡ್ಡ ಕಡಾಯಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಮುಚ್ಚಿರಿ. ಒಳಮೈಗೆಲ್ಲ ಈ ಚಿತ್ರವನ್ನು ಅಂಟಿಸಿರಿ. ನಟ್ಟನಡುವೆ ನೋಡುವವನ ಕಣ್ಣು. ಬೆರಳು ಆಡಿಸಿದಾಗ ಕಂಪ್ಯೂಟರು ಮಾಡುವುದಿಷ್ಟೆ: ಆ ಕಣ್ಣಿನ ಮುಂದಿರುವ ಒಂದು ತುಂಡನ್ನು ಮಾತ್ರ ಕತ್ತರಿಸಿ ತೆರೆಯ ಮೇಲೆ ತೋರಿಸುವುದು.

ಹೊಲಿಗೆ ತಪ್ಪಿದರೆ ತಮಾಷೆಯಾಗುತ್ತದೆ. ಚಿತ್ರ ತೆಗೆಯುವಾಗ ನಡೆದು ಹೋದವನೊಬ್ಬನಿಗೆ ಎರಡು ತಲೆ ಬರುತ್ತವೆ, ಇಲ್ಲವೆ ಸೊಂಟದ ಕೆಳಗೆ ಏನೂ ಇರುವುದಿಲ್ಲ. ನಂದಿಯ ವಿಗ್ರಹದ ಬಾಲವು ಗೋಡೆಯೊಳಗೆ ಮಾಯವಾಗುವುದೂ ಉಂಟು. ನುರಿತವರು ಇಂಥ ಅಂಚುಗಳನ್ನು ಕೈಯಿಂದ ತಿದ್ದುತ್ತಾರೆ. ಅವಸರದವರು ಹಾಗೆಯೇ ಬಿಡುತ್ತಾರೆ.

ಎರಡು ದಡಗಳ ಜೋಗ

ಈಗ ಜೋಗಕ್ಕೆ ಬರೋಣ. ಶರಾವತಿಯು 253 ಮೀಟರು, ಎಂದರೆ ಸುಮಾರು 830 ಅಡಿ, ಕೆಳಗೆ ಧುಮುಕುವ ಸ್ಥಳವಿದು. ಕ್ಯಾಲೆಂಡರಿನವರು ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳನ್ನು ಎದುರಿನಿಂದ ತೋರಿಸಿ ಮುಗಿಸಿಬಿಡುತ್ತಾರೆ. ಸುತ್ತುನೋಟದಲ್ಲಿ ಧಾರೆಗಳಿಗೆ ಬೆನ್ನು ತಿರುಗಿಸಬಹುದು, ಅದೇ ಅದರ ಹೆಚ್ಚುಗಾರಿಕೆ. ತಿರುಗಿದರೆ ಕಬ್ಬಿಣದ ಬೇಲಿ, ಕೊಡೆ ಹಿಡಿದ ಜನ, ಜೋಳ ಸುಡುವ ಗಾಡಿ ಎಲ್ಲವೂ ಇರುತ್ತವೆ. ಹಾಗೆಯೇ ಕಣಿವೆಯ ಆಚೆಯ ದಡಕ್ಕೆ ನೋಟವನ್ನು ಒಯ್ದರೆ ಅಲ್ಲಿ ಬಾಂಬೆ ಬಂಗಲೆ. ಘಟ್ಟದ ಕಾಡಿನ ನಡುವೆ ಈ ಹೆಸರು ಎಲ್ಲಿಂದ ಬಂತೆಂದರೆ, ಆ ದಡವಿರುವ ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಈಚೆಯ ದಡ ಮೈಸೂರಿನದು. ಒಂದೇ ಜಲಪಾತವನ್ನು ಎರಡು ಸರಕಾರಗಳು ಎದುರುಬದುರು ಬಂಗಲೆ ಕಟ್ಟಿಸಿಕೊಂಡು ನೋಡುತ್ತಿದ್ದವು. ಮುಂಬಯಿಗೂ ಜೋಗಕ್ಕೂ ನಮ್ಮ ಬೆವರಿನ ನಂಟಲ್ಲದೆ ಕಾಗದಪತ್ರದ ನಂಟೂ ಇತ್ತೆಂಬುದನ್ನು ಕ್ಯಾಲೆಂಡರು ಹೇಳಲಾರದು.

ಆದರೆ ಚಿತ್ರ ತೆರೆದೊಡನೆ ನೋಡಬೇಕಾದುದು ನೀರನ್ನಲ್ಲ, ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿರುವ ತಿಂಗಳು ವರ್ಷವನ್ನು. ಮೇಲುಗಡೆಯಲ್ಲಿ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಮಿಕ್ಕರೆ ಜೋಗಕ್ಕೆ ಎಂದಾಗಿದೆ. ಆಗಸ್ಟಿನಲ್ಲಿ ತೆಗೆದ ಚಿತ್ರದಲ್ಲಿ ಕಣಿವೆ ಮಂಜಿನಿಂದ ತುಂಬಿರುತ್ತದೆ. ಏಪ್ರಿಲ್ಲಿನ ಚಿತ್ರದಲ್ಲಿ ಕರಿಯ ಬಂಡೆಯ ಮೇಲೆ ನಾಲ್ಕು ಬಿಳಿಯ ದಾರಗಳು. ಎರಡೂ ಜೋಗವೇ, ಎರಡೂ ಸುಳ್ಳಲ್ಲ. ತಾರೀಖು ನೋಡದೆ ಒಂದನ್ನೇ ಜೋಗವೆಂದು ನಂಬಿ, ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಮೇ ತಿಂಗಳಲ್ಲಿ ಹೋಗಿ ನಿಂತವನ ಮುಖವನ್ನು ನೆನೆದುಕೊಳ್ಳಿರಿ.

ಕಲ್ಲಿನ ರಥದ ಮೇಲಿನ ಇಟ್ಟಿಗೆ

ಹೊತ್ತು ಎಂಬುದು ಚಿತ್ರದಲ್ಲಿ ಎಷ್ಟು ಮುಖ್ಯವೆಂದು ತಿಳಿಯಬೇಕಾದರೆ ಹಂಪೆಗೆ ಸಮನಾದ ಪಾಠವಿಲ್ಲ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಹಂಪೆಯನ್ನು ಹಿಡಿದನು. ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವನ್ನು ನಾವೆಲ್ಲ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ದಿನವೂ ಎಣಿಸುತ್ತೇವೆ. ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಇಂದು ಅದಿಲ್ಲ. ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಚಿತ್ರಗಾರರು 1980ರ ದಶಕದಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಯೇ ನಿಂತು, ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟರೆ ನಡುವಿನ ನೂರಿಪ್ಪತ್ತಕ್ಕೂ ಮಿಕ್ಕ ವರ್ಷಗಳು ಏನನ್ನು ಒಯ್ದವು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಅದೇ ಗೋಲಿಂಗ್ಸರು ಮುಂದೆ ಹಂಪೆಯ ಸುತ್ತುನೋಟಗಳನ್ನೂ ತೆಗೆದರು. ಸಾರಾ ಕೆಂಡರ್ಡೈನ್, ಜೆಫ್ರಿ ಶಾ ಎಂಬವರು ಆ ಚಿತ್ರಗಳಿಂದ 2006ರಲ್ಲಿ ‘ಪ್ಲೇಸ್-ಹಂಪಿ’ ಎಂಬುದನ್ನು ರಚಿಸಿದರು. ಒಂಬತ್ತು ಮೀಟರು ಅಡ್ಡಳತೆಯ ದುಂಡನೆಯ ತೆರೆ, ನಡುವೆ ತಿರುಗುವ ಅಟ್ಟಣೆ. ಅಟ್ಟಣೆಯ ಮೇಲೆ ನಿಂತವನು ತಿರುಗಿಸಿದತ್ತ ಹಂಪೆ ತೆರೆದುಕೊಳ್ಳುತ್ತದೆ. ಬಾರ್ಕರನ ದುಂಡು ಕಟ್ಟಡವೇ ಮತ್ತೆ ಹುಟ್ಟಿ ಬಂದಂತಾಯಿತು, ಚಿತ್ರದ ವಸ್ತು ಮಾತ್ರ ಸೋಲಿಸಿ ಪಡೆದ ಕೋಟೆಯಲ್ಲ. ವಿದೇಶಗಳಲ್ಲಿ ಜನ ನೋಡಿದ ಮೇಲೆ ಅದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ವಿದ್ಯಾನಗರದ ಕಲಾಧಾಮದಲ್ಲಿ ನೆಲೆಗೊಂಡಿತು.

ವಿರೂಪಾಕ್ಷನ ಎದುರಿನ ಬಜಾರದ ಸಂಗತಿ ಬೇರೆ. ಸಾಲುಮಂಟಪಗಳಲ್ಲಿ ತಲೆತಲಾಂತರದಿಂದಲ್ಲದಿದ್ದರೂ ದಶಕಗಳಿಂದ ಸಂಸಾರಗಳಿದ್ದವು, ಅಂಗಡಿಗಳಿದ್ದವು, ಪ್ರವಾಸಿಗರಿಗೆ ತಿಂಡಿ ಕೊಡುವ ಸಣ್ಣ ಹೋಟೆಲುಗಳಿದ್ದವು. ಸ್ಮಾರಕವನ್ನು ಉಳಿಸಬೇಕೆಂಬ ಕಾರಣಕ್ಕೆ 2011ರ ಜುಲೈ ತಿಂಗಳಲ್ಲಿ ಅವನ್ನು ಕೆಡವಲಾಯಿತು. ಆ ಬಳಿಕ ತೆಗೆದ ಸುತ್ತುನೋಟಗಳಲ್ಲಿ ಬೀದಿ ಅಚ್ಚುಕಟ್ಟಾಗಿದೆ, ಕಂಬಗಳು ಸ್ಪಷ್ಟವಾಗಿವೆ, ಇಡ್ಲಿಯ ಹಬೆ ಇಲ್ಲ. ಸ್ಮಾರಕ ಉಳಿಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೋಟೆಲಿನ ಅನ್ನ ತಿಂದು ಬೆಳೆದ ನಾವು ಆ ಖಾಲಿ ಮಂಟಪಗಳನ್ನು ತಿರುಗಿಸಿ ನೋಡುವಾಗ, ಇಲ್ಲಿ ಒಲೆ ಉರಿಯುತ್ತಿತ್ತೆಂದು ತಿಳಿದು ನೋಡಿದರೆ ನೋಟ ಇನ್ನಷ್ಟು ಪೂರ್ಣವಾಗುತ್ತದೆ.

ಕೆಲವು ಸ್ಥಳಗಳು ಈ ಯಂತ್ರಕ್ಕೆ ಒಗ್ಗುವುದೇ ಇಲ್ಲ. ವಿಜಯಪುರದ ಗೋಲಗುಂಬಜದ ಒಳನೋಟವನ್ನು ಎಷ್ಟು ಚೆನ್ನಾಗಿ ತೆಗೆದರೂ ಅದು ಮೂಗನಿಗೆ ಪೇಟ ತೊಡಿಸಿದಂತೆಯೇ. ಗುಂಬಜದ ಅಂಚಿನ ಮೊಗಸಾಲೆಯಲ್ಲಿ ಒಬ್ಬನು ಪಿಸುಗುಟ್ಟಿದುದು ಆಚೆಯ ಬದಿಯವನಿಗೆ ಕೇಳಬೇಕು, ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳಬೇಕು; ಅಲ್ಲಿಗೆ ಹೋಗುವುದು ಕಣ್ಣಿಗಾಗಿ ಅಲ್ಲ, ಕಿವಿಗಾಗಿ.

ಇನ್ನೊಂದು ಮಾತು, ದೂರದ್ದನ್ನು ಬಿಟ್ಟು ಹತ್ತಿರದ್ದು. ಕಲ್ಯಾಣದಿಂದ ಬದಲಾಪುರದ ಕಡೆಗೆ ದಿನವೂ ಲೋಕಲಿನಲ್ಲಿ ನಿಂತು ಹೋಗುವವರಲ್ಲಿ ಅಂಬರನಾಥದ ಶಿವಾಲಯವನ್ನು ನೋಡಿದವರೆಷ್ಟು? ಉತ್ತರ ಕೊಂಕಣವನ್ನಾಳಿದ ಶಿಲಾಹಾರರ ಕಾಲದ್ದು; ಅಲ್ಲಿಯ ಶಾಸನದ ಕಾಲ 1060. ಈ ಶಿಲಾಹಾರರು ಮೊದಲು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಎಂದರೆ ಈ ದಂಡೆಗೆ ಕನ್ನಡದ ಸಂಬಂಧ ಇಡ್ಲಿ ಸಾಂಬಾರಿನಿಂದ ತೊಡಗಿದುದಲ್ಲ. ರಾತ್ರಿ ಪಾಳಿ ಮುಗಿದು ನಿದ್ದೆ ಬಾರದಿದ್ದಾಗ ಮೊಬೈಲಿನಲ್ಲಿ ಒಮ್ಮೆ ಅದರ ಹೊರಗೋಡೆಯ ಶಿಲ್ಪವನ್ನು ಸುತ್ತು ಹಾಕಿ ನೋಡಿರಿ. ಇದರ ವಿಷಯದಲ್ಲಿ ಮಾತ್ರ ಚಿತ್ರಕ್ಕೇ ತೃಪ್ತರಾಗುವುದು ಸೋಮಾರಿತನ. ವಾರದ ರಜೆಯಂದು ಕಾಲ್ನಡಿಗೆಯಲ್ಲಿಯೇ ಹೋಗಿ ಬರಬಹುದಾದ ಊರಿನವರು ನಮ್ಮಲ್ಲಿದ್ದಾರೆ.

ಮುಖವಿಲ್ಲದವಳನ್ನು ಗುರುತಿಸಿದವರು

ರಮ್ಯಸ್ಥಳವೆಂದರೆ ಜಲಪಾತ, ಗೋಪುರ, ಗುಡ್ಡ ಎಂಬುದು ಪ್ರವಾಸ ಇಲಾಖೆಯ ಮತ. ಬೀದಿಬೀದಿಯನ್ನೂ ಸುತ್ತುನೋಟವಾಗಿ ತೆಗೆಯುವ ಗೂಗಲ್ ಕಂಪೆನಿಯ ಸ್ಟ್ರೀಟ್ ವ್ಯೂ ಅಮೆರಿಕದಲ್ಲಿ 2007ರಲ್ಲಿ ಹುಟ್ಟಿತು. ನಮ್ಮ ದೇಶಕ್ಕೆ ಅದು ಬಂದ ಕಥೆ ಕೋರ್ಟಿನ ವಾಯಿದೆಯಂತೆ ಉದ್ದವಾದದ್ದು. 2011ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೊಡಗಿ, ಜೂನ್ ತಿಂಗಳಲ್ಲಿ ಪೊಲೀಸರು ಭದ್ರತೆಯ ಕಾರಣ ಹೇಳಿ ನಿಲ್ಲಿಸಿದರು. 2016ರಲ್ಲಿ ಕೇಂದ್ರ ಸರಕಾರವೂ ಬೇಡವೆಂದಿತು. ತಾಜಮಹಲಿನಂಥ ಸ್ಮಾರಕಗಳನ್ನು ಮಾತ್ರ ಪುರಾತತ್ತ್ವ ಇಲಾಖೆಯೊಂದಿಗೆ ಕೂಡಿ ತೆಗೆಯಲು ನಡುವೆ ಅವಕಾಶ ದೊರೆತಿತ್ತು; ಅಲ್ಲಿ ಹದಿನೈದು ಕಣ್ಣುಗಳ ಕ್ಯಾಮೆರಾವನ್ನು ಬೆನ್ನಿಗೆ ಕಟ್ಟಿಕೊಂಡು ಮನುಷ್ಯರೇ ನಡೆದರು. ಕೊನೆಗೆ 2021ರ ಹೊಸ ನಿಯಮಗಳು ಬೀದಿಗಳ ಇಂಥ ಚಿತ್ರಣವನ್ನು ಭಾರತೀಯ ಸಂಸ್ಥೆಗಳು ಮಾತ್ರ ಮಾಡಬಹುದೆಂದವು. ಮುಂಬಯಿಯ ಜೆನೆಸಿಸ್ ಇಂಟರ್‌ನ್ಯಾಶನಲ್ ಹಾಗೂ ಟೆಕ್ ಮಹೀಂದ್ರದವರು ತೆಗೆದ ಚಿತ್ರಗಳೊಡನೆ 2022ರ ಜುಲೈಯಲ್ಲಿ ಮುಂಬಯಿ, ಪುಣೆ, ನಾಸಿಕ, ಬೆಂಗಳೂರು ಸೇರಿ ಹತ್ತು ನಗರಗಳು ತೆರೆದವು. ಆಮೇಲೆ ಹೆದ್ದಾರಿಗಳು, ಸಣ್ಣ ಊರುಗಳು.

ಕಲ್ಯಾಣದ ಒಂದು ಉಪಾಹಾರಗೃಹದಲ್ಲಿ ಅಡಿಗೆಯ ಮುಖ್ಯಸ್ಥರಾಗಿರುವ ಕುಂದಾಪುರದ ಕಡೆಯ ಭಟ್ಟರೊಬ್ಬರನ್ನು ನಾನು ಬಲ್ಲೆ. ಗಲ್ಲೆಯಲ್ಲಿ ಕೂರುವ ಹುಡುಗನು ಒಂದು ರಾತ್ರಿ ಬಾಗಿಲು ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ಅವರಿಗೆ ಸ್ವಿಟ್ಜರ್ಲೆಂಡಿನ ಹಿಮಪರ್ವತವನ್ನು ತೋರಿಸಿದನು. ಭಟ್ಟರು ಒಂದು ಸುತ್ತು ನೋಡಿ, ಚೆನ್ನಾಗಿದೆ ಎಂದು, ತಮ್ಮ ಊರಿನ ಹೆದ್ದಾರಿ ಇದರಲ್ಲಿ ಉಂಟೋ ಎಂದು ಕೇಳಿದರು. ಉಂಟು. ಆದರೆ ಭಟ್ಟರಿಗೆ ಗುರುತು ಸಿಕ್ಕಲಿಲ್ಲ. ಅವರ ಮನಸ್ಸಿನ ಹೆದ್ದಾರಿಯಲ್ಲಿ ಎರಡು ಬದಿಗೂ ಮರಗಳಿದ್ದವು, ತಿರುವಿನಲ್ಲಿ ಸೋಡದ ಅಂಗಡಿಯಿತ್ತು. ಇಲ್ಲಿರುವುದು ಚತುಷ್ಪಥ, ನಡುವೆ ಸಿಮೆಂಟಿನ ದಿಂಡು, ಬದಿಯಲ್ಲಿ ಬಯಲು. ಹುಡುಗನು ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಒತ್ತುತ್ತ ಹೋದನು. ಒಂದು ಕಡೆ ಭಟ್ಟರು ಅವನ ಕೈ ಹಿಡಿದರು.

“ಹ್ವಾಯ್, ನಿಲ್ಸ್, ನಿಲ್ಸ್ ಮಾಣಿ. ಆ ಬದಿಗ್ ತಿರ್ಗ್ಸ್ ಕಾಂಬ.”

ರಸ್ತೆಯಿಂದ ಸ್ವಲ್ಪ ಒಳಗೆ ಹಂಚಿನ ಮನೆ, ಅಂಗಳದ ಮುಂದೆ ಒಬ್ಬ ಹೆಂಗಸು. ಆ ಯಂತ್ರಕ್ಕೆ ಒಂದು ಕಟ್ಟಳೆಯುಂಟು. ದಾರಿಯಲ್ಲಿ ಸಿಕ್ಕ ಮನುಷ್ಯರ ಮುಖವನ್ನೂ ವಾಹನಗಳ ಅಂಕಿಯನ್ನೂ ಅದು ಮಸುಕು ಮಾಡುತ್ತದೆ. ಕಾಣದವರ ಮಾನ ಉಳಿಸುವ ಒಳ್ಳೆಯ ಕಟ್ಟಳೆ. ಹುಡುಗನು, “ಭಟ್ರೇ, ಮುಖವೇ ಇಲ್ಲವಲ್ಲ, ಯಾರಂತ ತಿಳಿಯುವುದು?” ಎಂದನಂತೆ. ಭಟ್ಟರು ಉತ್ತರ ಕೊಡಲಿಲ್ಲ. ಸೊಂಟದ ಮೇಲೆ ಒಂದು ಕೈಯಿಟ್ಟು, ಇನ್ನೊಂದನ್ನು ಹಣೆಗೆ ಅಡ್ಡ ಹಿಡಿದು, ರಸ್ತೆಯಲ್ಲಿ ಹೋಗುವ ವಿಚಿತ್ರ ಬಂಡಿಯನ್ನು ನೋಡುತ್ತ ನಿಂತವಳು ಅವರ ಅಕ್ಕ. ಚಿತ್ರ ತೆಗೆದ ವರ್ಷದಲ್ಲಿ ಆಕೆ ಬದುಕಿದ್ದಳು. ಭಟ್ಟರು ನೋಡಿದ ವರ್ಷದಲ್ಲಿ ಇರಲಿಲ್ಲ. ಶ್ರಾದ್ಧಕ್ಕೆ ಊರಿಗೆ ಹೋಗಲು ಅವರಿಗೆ ರಜೆ ಸಿಕ್ಕಿರಲಿಲ್ಲ.

ಆ ಮೇಲೆ ವಾರಕ್ಕೊಮ್ಮೆಯಾದರೂ ಆ ಜಾಗವನ್ನು ತೆರೆಸಿ ನೋಡುತ್ತಿದ್ದರು. ಅದನ್ನು ಕಾಗದಕ್ಕೆ ಇಳಿಸಿ ಇಟ್ಟುಕೊಳ್ಳಿರೆಂದು ನಾನೇ ಹೇಳಿದೆನು, ಏಕೆಂದರೆ ಬಂಡಿ ಮತ್ತೊಮ್ಮೆ ಆ ದಾರಿಯಲ್ಲಿ ಬಂದರೆ ಮೊದಲು ತೆರೆದುಕೊಳ್ಳುವುದು ಹೊಸ ಚಿತ್ರ. ಹಳೆಯದನ್ನು ತಾರೀಖಿನ ಮರೆಯಲ್ಲಿ ಹುಡುಕಬೇಕಾಗುತ್ತದೆ, ಕೆಲವೊಮ್ಮೆ ಅದು ಸಿಕ್ಕದೆಯೂ ಹೋಗುತ್ತದೆ. ಉಡುಪಿಯ ಕೃಷ್ಣನನ್ನು ಒಂಬತ್ತು ಕಿಂಡಿಯಿಂದ ಕಂಡು ದರ್ಶನವಾಯಿತೆನ್ನುವ ಸೀಮೆಯವರಿ‌ಗೆ ಇಷ್ಟು ಸಣ್ಣ ನೋಟದಿಂದ ಏನು ಸಿಕ್ಕಿತೆಂದು ವಿವರಿಸಬೇಕಾಗಿಲ್ಲ.

ಪ್ರಯೋಜನಕ್ಕೆ ಬೀಳುವ ಕೆಲವು ಮಾತುಗಳು

ವೃದ್ಧರಾದ ತಂದೆತಾಯಿಗಳನ್ನು ಯಾತ್ರೆಗೆ ಕರೆದೊಯ್ಯುವವರು ಮೊದಲು ಸುತ್ತುನೋಟವನ್ನು ನೋಡುವುದು ಜಾಣತನ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲಿಯೇ ಕಡೆದ ಸುಮಾರು 650 ಮೆಟ್ಟಿಲುಗಳಿವೆ, ಬರಿಗಾಲಿನಲ್ಲಿ ಏರಬೇಕು. ಜೋಗದ ಕಣಿವೆಯ ತಳಕ್ಕೆ ಸುಮಾರು 1,400. ಸಂಖ್ಯೆ ಕೇಳಿದಾಗ ಹೆದರದ ಅಮ್ಮ ಮೆಟ್ಟಿಲ ಎತ್ತರವನ್ನು ಚಿತ್ರದಲ್ಲಿ ಕಂಡು, ನೀವು ಹೋಗಿ ಬನ್ನಿರಿ, ನಾನು ಕೆಳಗೆ ಕೂರುತ್ತೇನೆ ಎಂದು ಮನೆಯಲ್ಲಿಯೇ ತೀರ್ಮಾನಿಸುವುದು ಎಲ್ಲರಿಗೂ ಒಳ್ಳೆಯದು.

ಊರಿಗೆ ಹೋದಾಗ ಸುತ್ತುನೋಟವನ್ನು ನಾವೇ ತೆಗೆಯಲೂಬಹುದು. ಎರಡು ಬದಿಗೂ ಮೀನುಗಣ್ಣಿನ ಗಾಜುಳ್ಳ, ಅಂಗೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾಗಳು 2013ರಿಂದ ಮಾರಾಟದಲ್ಲಿವೆ. ಒಂದೇ ಒತ್ತಿಗೆ ಸುತ್ತಲಿನದೆಲ್ಲವೂ ಬೀಳುತ್ತದೆ. ಒಬ್ಬನಿಗೆ ಅದು ದುಬಾರಿ. ಕೋಣೆಯ ಆರು ಮಂದಿ ಕೂಡಿ ಕೊಂಡರೆ ಸರದಿಯಂತೆ ಆರು ಊರುಗಳಿಗೆ ಹೋಗಿ ಬಂದೀತು. ಅದಿಲ್ಲದಿದ್ದರೆ ಸಾಧಾರಣ ಮೊಬೈಲಿನ ಪನೋರಮಾ ಗುಂಡಿಯೇ ಸಾಕು. ಆಕಾಶ ಪಾತಾಳ ಸಿಕ್ಕದು, ಆದರೆ ಅಂಗಳದ ಅಗಲ ಸಿಕ್ಕುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲು ಲೇಸು. ಕಾಲು ನೆಟ್ಟಲ್ಲಿಂದ ಕದಲಬಾರದು, ಸೊಂಟ ಮಾತ್ರ ಮೆಲ್ಲನೆ ತಿರುಗಬೇಕು. ಓಡಾಡುವ ಮಕ್ಕಳನ್ನೂ ದನಕರುಗಳನ್ನೂ ಅರೆಗಳಿಗೆ ನಿಲ್ಲಿಸಿರಿ, ಇಲ್ಲವಾದರೆ ಎರಡು ತಲೆಯ ಕರುವಿನ ಚಿತ್ರ ಬಂದೀತು. ನಿಲ್ಲುವ ಜಾಗವನ್ನು ರಸ್ತೆಯ ಕಡೆಯಿಂದ ಆರಿಸದೆ ಬಾವಿಕಟ್ಟೆಯ ಬಳಿಯಿಂದಲೋ ಜಗಲಿಯಿಂದಲೋ ಆರಿಸಿರಿ. ರಸ್ತೆಯ ನೋಟವನ್ನು ಕಂಪೆನಿಯವರು ತೆಗೆದುಕೊಳ್ಳುತ್ತಾರೆ. ಮನೆಯವರನ್ನು ಕೇಳಿ, ಒಪ್ಪಿದವರನ್ನು ನೋಟದೊಳಗೆ ನಿಲ್ಲಿಸಿಕೊಳ್ಳಿರಿ. ಚಿತ್ರದ ಹೆಸರಿನಲ್ಲಿಯೇ ತಿಂಗಳು ವರ್ಷವನ್ನು ಬರೆದಿಡಿರಿ, ಮರುಸಲ ಬೇರೆ ಋತುವಿನಲ್ಲಿ ಹೋಗುವುದಾದರೆ ಅದೇ ಬಾವಿಕಟ್ಟೆಯ ಅದೇ ಕಲ್ಲಿನ ಮೇಲೆ ನಿಂತು ಇನ್ನೊಂದು ತೆಗೆಯಿರಿ.